ಉಳಿದ ಐವತ್ತು ಸೆಕೆಂಡು

ಕೊನೆಗೆ ಇಟ್ಟುಕೊಂಡಿರುವುದನ್ನು ಮೊದಲಿಗೇ ಹೇಳಿಬಿಡು. ಮಗಳಿಗೆ ಹೇಳಬೇಕಾದದ್ದು ಇಷ್ಟೇ, ಒಂದು ಉಸಿರಿನ ಮಾತು. ನಾಲ್ಕು ದಿನದಿಂದ ಅವನು ಅದನ್ನು ಹೇಳಲು ಹೊತ್ತು ಹುಡುಕುತ್ತಿದ್ದಾನೆ. ಈ ಬೆಳಿಗ್ಗೆಯೂ ಅವಳು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕಾಗದ ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ತನ್ನ ಭಾಷಣ ಒಪ್ಪಿಸಿಕೊಳ್ಳುತ್ತಿದ್ದಾಗ ಅವನು ಎರಡು ಸಲ ಕೆಮ್ಮಿದ, ನೀರು ಕುಡಿದ, ಹೊರಗೆ ಹೋಗಿ ಧೂಳೇ ಇಲ್ಲದ ಚಪ್ಪಲಿ ಒರೆಸಿಕೊಂಡ. ನಗರಸಭೆಯಲ್ಲಿ ಸಭಾ ಗುಮಾಸ್ತ ಅವನು. ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಲು ಬಂದವರಿಗೆ ತಲಾ ಮೂರು ನಿಮಿಷ. ಆ ಮೂರು ನಿಮಿಷವನ್ನು ಅಳೆದು ಗಂಟೆ ಒತ್ತುವುದು, ಯಾರು ಏನು ಹೇಳಿದರೆಂದು ನಡವಳಿ ಬರೆಯುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮುಖ್ಯವಾದದ್ದನ್ನು ಕೊನೆಗಿಟ್ಟುಕೊಂಡವರು ಆ ಸಭಾಂಗಣದಲ್ಲಿ ಕೊನೆ ಮುಟ್ಟುವುದೇ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ನಲ್ಲಿಯಲ್ಲಿ ನೀರಿಲ್ಲವೆಂದು ಬಂದ ಮುದುಕಿಯನ್ನು, ಅಂಗಡಿಯ ಮುಂದೆ ಚರಂಡಿ ಒಡೆದಿದೆಯೆಂದು ಬಂದ ಟೈಲರನ್ನು ಮೆಟ್ಟಿಲ ಮೇಲೇ ತಡೆದು ಬುದ್ಧಿ ಹೇಳಿದ್ದಾನೆ: ಬೇಡಿಕೆ ಮೊದಲು ಹೇಳಿಬಿಡಿ, ಕತೆ ಆಮೇಲೆ ಹೇಳಿಕೊಳ್ಳಿ. ಊರಿಗೆಲ್ಲ ಹೇಳಿದವನಿಗೆ ಮನೆಮಗಳಿಗೆ ಹೇಳಲು ಬಾಯಿಲ್ಲ. ಹೇಳಿದರೆ ಅವಳು ಯಾಕಪ್ಪ ಅನ್ನುತ್ತಾಳೆ. ಮೂರು ನಿಮಿಷ ಇದೆಯಲ್ಲ, ನನ್ನದು ಎರಡು ನಿಮಿಷ ಐವತ್ತಕ್ಕೆ ಮುಗಿಯುತ್ತದೆ, ನೀನೇ ಅಳೆದೆಯಲ್ಲ ಅನ್ನುತ್ತಾಳೆ. ಆಗ ಆ ಮೂರು ನಿಮಿಷ ಎಂಥದ್ದೆಂದು ಬಿಡಿಸಿ ಹೇಳಬೇಕಾಗುತ್ತದೆ.

ಬಿಡಿಸಿ ಹೇಳುವಂಥದ್ದೂ ಅದರಲ್ಲಿ ಏನಿತ್ತು, ಅದೇ ಅವನ ಸಂಕಟ. ಯಾರೂ ಅವನಿಗೆ ಆಜ್ಞೆ ಮಾಡಿರಲಿಲ್ಲ. ಅಧ್ಯಕ್ಷರು ಮೊದಲ ಸಲ ಗೆದ್ದು ಬಂದ ವರ್ಷ, ಅವರಿಗಾಗ ನಲವತ್ತೆಂಟು, ಒಂದು ಸಂಜೆ ಅವನನ್ನು ತಮ್ಮ ಕೋಣೆಗೆ ಕರೆಸಿಕೊಂಡು, ಕೂರು ಎಂದು ಕುರ್ಚಿ ತೋರಿಸಿ, ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತ ಹೇಳಿದ್ದರು. ಇದನ್ನು ತೆಗೆದರೆ ನನಗೆ ಎದುರಿಗಿರುವವರ ಮುಖವೇ ಕಾಣಿಸುವುದಿಲ್ಲ ಕಣಯ್ಯಾ, ಮುಖ ಕಾಣಿಸದ ಮೇಲೆ ಮಾತು ಕೇಳಿ ಏನು ಬಂತು? ಅಷ್ಟೇ. ಅವನು ತಲೆಯಾಡಿಸಿದ್ದ. ಮುಂದಿನ ವಿಚಾರಣೆಯಲ್ಲಿ ಅವರು ಕನ್ನಡಕ ತೆಗೆದರು, ಅವನು ಗುಂಡಿ ಒತ್ತಿದ. ಸಮಯ ತೋರಿಸುವ ಪೆಟ್ಟಿಗೆಯ ಮುಖ ಇರುವುದು ಅವನ ಕಡೆಗೆ ಮಾತ್ರ. ಮಾತಾಡುವವರಿಗೆ ಗಂಟೆ ಕೇಳುತ್ತದೆ, ಅಂಕೆ ಕಾಣಿಸುವುದಿಲ್ಲ. ಎಷ್ಟೋ ಜನ ಗಂಟೆ ಕೇಳಿದೊಡನೆ ನಾಚಿಕೊಂಡು, ಕ್ಷಮಿಸಿ ಹೆಚ್ಚಾಯಿತು ಎಂದು ಕೈಮುಗಿದು ಇಳಿದು ಹೋಗಿದ್ದಾರೆ. ಒಂದು ನಿಮಿಷ ನಲವತ್ತಕ್ಕೇ ಹೀಗೆ ಕೈಮುಗಿದವರು ಇದ್ದಾರೆ. ಮೊದಮೊದಲು ಅವರ ಮುಖ ನೋಡಲಾಗದೆ ಅವನು ನಡವಳಿಯ ಮೇಲೆ ಬಗ್ಗಿಕೊಳ್ಳುತ್ತಿದ್ದ. ಆಮೇಲೆ ಅದೂ ನಿಂತಿತು. ಕಚೇರಿಯವರು ಅವನಿಗೆ ಗಂಟೆ ಎಂದೇ ಹೆಸರಿಟ್ಟರು, ಗಂಟೆ ಬಂದ, ಗಂಟೆ ಊಟಕ್ಕೆ ಹೋದ. ಅವನೂ ನಗುತ್ತಿದ್ದ.

ಈ ಸಲದ ವಿಚಾರಣೆ ನಲ್ಲಿಯದೂ ಅಲ್ಲ, ಚರಂಡಿಯದೂ ಅಲ್ಲ. ಊರಾಚೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಇನ್ನು ಮೂವತ್ತು ವರ್ಷ ಪರವಾನಗಿ ಕೊಡಬೇಕೋ ಬೇಡವೋ ಎಂಬುದು. ಸ್ಥಾವರ ನಿಂತಿರುವ ನೆಲ ನಗರಸಭೆಯದಾದ್ದರಿಂದ ಒಂಬತ್ತು ಸದಸ್ಯರು ಕೈಯೆತ್ತಬೇಕು. ಮಗಳ ಶಾಲೆ ಮೂರು ವರ್ಷದಿಂದ ಬೇಸಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ, ಆಮೇಲೆ ತಗಡಿನ ಮಾಡಿನ ಕೆಳಗೆ ಕೂರಲಾಗುವುದಿಲ್ಲ. ಹೋದ ವರ್ಷ ಪರೀಕ್ಷೆ ಬರೆಯುತ್ತಿದ್ದಾಗ ಅವಳ ಪಕ್ಕದ ಹುಡುಗಿ ಬೆಂಚಿನಿಂದ ಜಾರಿ ಬಿದ್ದಳು. ಆಸ್ಪತ್ರೆಯಿಂದ ಹದಿನಾಲ್ಕು ದಿನಕ್ಕೆ ಮನೆಗೆ ಬಂದಳು, ಬಂದಮೇಲೆ ಮೊದಲಿನಂತಿಲ್ಲ, ಹೆಸರು ಕರೆದರೆ ಸ್ವಲ್ಪ ತಡೆದು ತಿರುಗುತ್ತಾಳೆ. ಅಂದಿನಿಂದ ಮಗಳು ಓದಲು ಶುರುಮಾಡಿದಳು. ಹೊಗೆ, ಸೆಖೆ, ಸಮುದ್ರ, ಅಂಕಿ, ಅಂಶ. ಊಟಕ್ಕೆ ಕೂತರೂ ಅದೇ. ಅವಳಮ್ಮ, ನಿನ್ನ ಹೊಗೆ ಆಮೇಲೆ ಆರಿಸುವೆಯಂತೆ, ಮೊದಲು ಉಣ್ಣು ಎಂದು ಗದರುತ್ತಿದ್ದಳು. ನಗರಸಭೆಯ ಗ್ರಂಥಾಲಯದಲ್ಲಿ ಕೂತು ನಿಯಮಗಳ ಪುಸ್ತಕವನ್ನೇ ತಿರುವಿ ಹಾಕಿ ಅವಳು ಒಂದು ನಿಯಮ ಹುಡುಕಿಕೊಂಡು ಬಂದಿದ್ದಳು, ಅಪ್ಪನಿಗೇ ಮರೆತುಹೋಗಿದ್ದ ನಿಯಮ. ವಿಚಾರಣೆಯಲ್ಲಿ ಗಂಟೆಯಾಗುವ ಮುಂಚೆ ಬಾಯಿಬಿಟ್ಟು ಹೇಳಿದ ಬೇಡಿಕೆಗೆ ಸದಸ್ಯರು ತಿಂಗಳೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಗಂಟೆಯಾದ ಮೇಲೆ ಹೇಳಿದ್ದಕ್ಕೆ, ಕಾಗದದಲ್ಲಿ ಬರೆದು ಕೊಟ್ಟದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ, ಅವು ಬೀರುವಿಗೆ ಹೋಗುತ್ತವೆ. ಅವಳ ಬೇಡಿಕೆ ಎರಡೇ ಸಾಲು. ಯಾರು ಪರವಾನಗಿಗೆ ಕೈಯೆತ್ತುತ್ತಾರೋ ಅವರು ಯಾಕೆ ಎತ್ತಿದೆವೆಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿ ಕೊಡಬೇಕು. ಅದನ್ನು ನಾವು ಜೋಪಾನವಾಗಿ ಇಟ್ಟುಕೊಂಡಿರುತ್ತೇವೆ, ನಮ್ಮ ಮಕ್ಕಳು ಕೇಳಿದಾಗ ತೋರಿಸಲು.

ಅಡುಗೆಮನೆಯಲ್ಲಿ ಆ ಸಾಲು ಕೇಳಿದಾಗ ಅವನ ಮೈ ಜುಮ್ಮೆಂದಿತ್ತು. ಬೈಗುಳಕ್ಕೆ ಆ ಒಂಬತ್ತು ಮಂದಿ ಹೆದರುವವರಲ್ಲ, ಅಳುವಿಗೂ ಅಲ್ಲ, ಅಂಕಿಅಂಶಕ್ಕಂತೂ ಆಕಳಿಸುತ್ತಾರೆ. ಆದರೆ ಸಹಿ ಎಂದರೆ ಅವರ ಪೆನ್ನು ಜೇಬಿನಿಂದ ಹೊರಗೇ ಬರುವುದಿಲ್ಲ. ಗುಂಪಿನಲ್ಲಿ ಎತ್ತಿದ ಕೈಗೆ ಹೆಸರಿಲ್ಲ, ಸಹಿಗೆ ಹೆಸರಿದೆ. ಎಳೆಯ ಹುಡುಗಿಗೆ ಇದು ಹೇಗೆ ಹೊಳೆಯಿತೋ! ಹೆಮ್ಮೆಯಿಂದ ಅವಳ ತಲೆ ಸವರಬೇಕೆನ್ನಿಸಿತು. ಸವರುವ ಬದಲು ಅವನು ಗುಮಾಸ್ತನಾದ. ಮೊದಲಿಗೆ ಅಧ್ಯಕ್ಷರಿಗೆ, ಸದಸ್ಯರಿಗೆ, ಅಧಿಕಾರಿಗಳಿಗೆ ವಂದನೆ ಹೇಳಬೇಕಮ್ಮ, ಹಾಗೇ ಎತ್ತಿದ ಬಾಯಿಗೆ ಮಾತಿಗಿಳಿಯಬಾರದು ಎಂದು ಮೂರು ವಾಕ್ಯ ಬರೆಸಿದ. ಅಳೆದಾಗ ವಂದನೆಗೇ ಇಪ್ಪತ್ತೆರಡು ಸೆಕೆಂಡು. ಮೂವತ್ತು ವರ್ಷ ಮುಗಿಯುವ ಹೊತ್ತಿಗೆ ನೀವ್ಯಾರೂ ಇರುವುದಿಲ್ಲ ಎಂಬ ಸಾಲಿಗೆ ಅಡ್ಡಗೆರೆ ಎಳೆಸಿದ, ದೊಡ್ಡವರಿಗೆ ಹಾಗೆಲ್ಲ ಸಾವಿನ ಮಾತಾಡಬಾರದು. ಅವಳು ಪೆನ್ನು ಹಿಡಿದುಕೊಂಡೇ ತಲೆಯೆತ್ತಿ, ನಿಜ ತಾನೇ ಅಪ್ಪ, ನೀನೂ ಇರಲ್ಲ ಅಂದಳು. ಸಿಟ್ಟಿಲ್ಲ, ಕುಹಕವಿಲ್ಲ, ನಾಳೆ ಬಸ್ಸು ಇರಲ್ಲ ಅನ್ನುವ ಹಾಗೆ. ಅವನು ಲೆಕ್ಕ ಹಾಕಿಕೊಂಡ, ಆಗ ತನಗೆ ಎಂಬತ್ತೊಂಬತ್ತು. ಇರುವುದಿಲ್ಲ. ಆಮೇಲೆ ಚಮಚದಿಂದ ತಟ್ಟೆಗೆ ಬಡಿದು ಗಂಟೆಯ ಅಭ್ಯಾಸ ಮಾಡಿಸಿದ. ಬಡಿದ ಕೂಡಲೇ ಅವಳು ಮಾತು ನುಂಗಿ ಬಾಯಿ ಮುಚ್ಚಿದಳು, ಅವನು ಭೇಷ್ ಅಂದ.

ದಾರಿಯಲ್ಲಿಯಾದರೂ ಹೇಳಿಬಿಡುತ್ತೇನೆಂದುಕೊಂಡಿದ್ದ. ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು, ಅವನು ಕಂಬಿ ಹಿಡಿದು ನಿಂತ, ನಡುವೆ ಯಾರದೋ ದಪ್ಪ ಚೀಲ. ಒಂಬತ್ತು ಗಂಟೆಗೇ ಕಂಬಿ ಕೈ ಸುಡುತ್ತಿತ್ತು. ಇಳಿದಮೇಲೆ ಹೇಳುತ್ತೇನೆಂದುಕೊಂಡ, ಇಳಿದರೆ ಅವಳ ಗೆಳತಿಯರ ಗುಂಪೇ ಗೇಟಿನ ಮುಂದೆ ಕಾದಿತ್ತು, ಆ ತಡೆದು ತಿರುಗುವ ಹುಡುಗಿಯೂ ಇದ್ದಳು. ಅಷ್ಟರಲ್ಲಿ ಜವಾನ ಬಂದು ಅಧ್ಯಕ್ಷರು ಕರೀತಿದಾರೆ ಅಂದ. ಕೋಣೆಯಲ್ಲಿ ಅಧ್ಯಕ್ಷರು ಮಾತ್ರೆಗಳನ್ನು ಅಂಗೈಯಲ್ಲಿ ಹರಡಿಕೊಂಡು ಒಂದೊಂದಾಗಿ ನುಂಗುತ್ತಿದ್ದರು. ಎಪ್ಪತ್ತಾಗಿದೆ, ಕೊರಳ ಚರ್ಮ ಜೋಲುಬಿದ್ದಿದೆ, ಆದರೂ ನಗು ಮಾತ್ರ ಮೊದಲ ದಿನದ್ದೇ. ಹನ್ನೊಂದನೆಯ ಹೆಸರು ನಿನ್ನ ಮಗಳದಂತೆ ಅಂದರು. ಬಹಳ ಚೆನ್ನಾಗಿ ಮಾತಾಡುತ್ತಾಳಂತೆ, ಮಕ್ಕಳು ಮಾತಾಡಬೇಕು ಕಣಯ್ಯಾ, ನಾವೆಲ್ಲ ದುಡಿಯುವುದು ಯಾರಿಗಾಗಿ, ಅವರಿಗಾಗಿಯೇ ಅಲ್ಲವೇ? ನೀರು ಕುಡಿದು ಲೋಟ ಕೆಳಗಿಟ್ಟು, ಅಂದಹಾಗೆ ಊಟದೊಳಗೆ ಜನರದ್ದು ಮುಗಿಸೋಣ ಅಂದರು. ಇದರಲ್ಲಿ ತಪ್ಪೇನಿದೆ? ಒಂದು ಕೆಟ್ಟ ಮಾತಿಲ್ಲ, ಬೆದರಿಕೆಯಿಲ್ಲ. ಬೆದರಿಸಿದ್ದರೆ ಎಷ್ಟೋ ವಾಸಿಯಿತ್ತು, ಮನುಷ್ಯನಿಗೆ ಸಿಟ್ಟಾದರೂ ಬರುತ್ತದೆ. ಸರಿ ಸಾರ್ ಎಂದು ಬಾಗಿಲು ಸದ್ದಾಗದಂತೆ ಎಳೆದುಕೊಂಡು ಬಂದ.

ಸಭಾಂಗಣದಲ್ಲಿ ತಂಪು ಯಂತ್ರ ಇರುವುದು ವೇದಿಕೆಯ ಮೇಲೆ ಮಾತ್ರ. ಕೆಳಗೆ ಜನರ ಸಾಲಿನಲ್ಲಿ ಫ್ಯಾನು, ಅದೂ ಮೂರರಲ್ಲಿ ಎರಡು. ಅವನ ಮೇಜು ಇವೆರಡರ ನಡುವಿನ ಮೆಟ್ಟಿಲ ಮೇಲೆ, ಬೆನ್ನಿಗೆ ತಂಪು, ಮುಖಕ್ಕೆ ಬಿಸಿ. ಮೊದಲು ಸ್ಥಾವರದ ಎಂಜಿನಿಯರು ಚಿತ್ರಪಟ ಹಾಕಿ ಇಪ್ಪತ್ತಾರು ನಿಮಿಷ ಮಾತಾಡಿದರು. ಅದು ಭಾಷಣವಲ್ಲ, ವಿವರಣೆ, ವಿವರಣೆಗೆ ಗಂಟೆಯಿಲ್ಲ. ಆಮೇಲೆ ಜನರ ಸರದಿ. ಒಬ್ಬ ವೈದ್ಯೆ, ಒಬ್ಬ ನಿವೃತ್ತ ಮೇಷ್ಟ್ರು, ಸ್ಥಾವರದಲ್ಲೇ ದುಡಿಯುವ ಫಿಟ್ಟರೊಬ್ಬ. ಆ ಫಿಟ್ಟರು, ಮುಚ್ಚಿದರೆ ನನ್ನ ಮನೆ ಒಲೆ ಯಾರು ಹಚ್ಚುತ್ತಾರೆ ಅಂತ ಕೇಳಿದ. ಅದೂ ಸುಳ್ಳಲ್ಲ, ಅವನಿಗೂ ಉತ್ತರ ಕೊಡುವವರು ಆ ವೇದಿಕೆಯಲ್ಲಿ ಯಾರೂ ಇರಲಿಲ್ಲ. ಏಳನೆಯವರ ಹೊತ್ತಿಗೆ ಅಧ್ಯಕ್ಷರ ಕನ್ನಡಕ ಒಮ್ಮೆ ಇಳಿಯಿತು, ಎಂಟನೆಯವರಿಗೆ ಇನ್ನೂ ಬೇಗ ಇಳಿಯಿತು. ಅವನು ಒತ್ತಿದ, ಬರೆದ, ಒತ್ತಿದ. ಬರೆಯುತ್ತ ಬರೆಯುತ್ತ ಮನಸ್ಸಿನಲ್ಲೇ ಶಪಥ ಮಾಡಿಕೊಳ್ಳುತ್ತಿದ್ದ: ಅವಳ ಸರದಿಯಲ್ಲಿ ತಲೆಯೆತ್ತುವುದೇ ಇಲ್ಲ. ವೇದಿಕೆ ಕಡೆ ಕತ್ತು ತಿರುಗಿಸುವುದೇ ಇಲ್ಲ. ಪೆಟ್ಟಿಗೆಯ ಅಂಕೆಯನ್ನು ಮಾತ್ರ ನೋಡುತ್ತೇನೆ, ಮೂರಾಗುವವರೆಗೆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಿರುತ್ತೇನೆ. ಆಮೇಲೆ ಅವರು ಕೇಳಿದರೆ ನೋಡಲಿಲ್ಲ ಸಾರ್ ಅಂದರಾಯಿತು. ನಿವೃತ್ತಿಗೆ ಒಂದು ವರ್ಷ ಉಳಿದವನನ್ನು ತಿಂದುಹಾಕುತ್ತಾರೆಯೇ?

ಹೆಸರು ಕೂಗಿದವನು ಅವನೇ. ತನ್ನ ಮಗಳ ಹೆಸರನ್ನು ಯಾರೋ ಪರಕೀಯರದ್ದೆಂಬಂತೆ ಕೂಗಿದ. ಅವಳು ಬಂದು ಮೈಕಿನ ಮುಂದೆ ನಿಂತು ಅವನ ಕಡೆ ನೋಡದೆ, ಅದನ್ನೂ ಅವನೇ ಹೇಳಿಕೊಟ್ಟಿದ್ದ, ವಂದನೆ ಶುರುಮಾಡಿದಳು. ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಸದಸ್ಯರೇ. ಅಂಕೆ ಓಡುತ್ತಿತ್ತು. ಇಪ್ಪತ್ತು, ಇಪ್ಪತ್ತೆರಡು. ಆಮೇಲೆ ಅವಳ ದನಿ ಬದಲಾಯಿತು. "ನನಗೀಗ ಹದಿನಾರು. ಈ ಪರವಾನಗಿ ಮುಗಿಯೋ ಹೊತ್ತಿಗೆ ನಲವತ್ತಾರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇಲ್ಲಿ ಮಾಡೋರು ಒಬ್ಬರು, ಉಣ್ಣೋರು ಇನ್ನೊಬ್ಬರು." ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅದಕ್ಕೇ ನಾಲ್ಕು ಸೆಕೆಂಡು ಹೋಯಿತು, ಅವನು ಹಲ್ಲು ಕಚ್ಚಿದ. ಪಕ್ಕದ ಬೆಂಚಿನ ಹುಡುಗಿಯ ಕತೆ ಬಂತು. ತಗಡಿನ ಮಾಡು ಬಂತು. ಒಂದು ಐವತ್ತು. ಅವನು ತೊಡೆಯ ಕೆಳಗೆ ಕೈಯಿಟ್ಟುಕೊಂಡಿರಲಿಲ್ಲ, ಬರೆಯಬೇಕಿತ್ತಲ್ಲ, ಬಲಗೈಯಲ್ಲಿ ಪೆನ್ನು, ಎಡಗೈ ಎಂದಿನ ಜಾಗದಲ್ಲಿ. ಎರಡು ನಿಮಿಷ ದಾಟಿತು. ಅವಳು ಕಾಗದ ಮಡಿಚಿ ಕೆಳಗಿಳಿಸಿದಳು, ಇನ್ನು ಬಾಯಿಪಾಠ ಬರುವ ಭಾಗ, ಇನ್ನು ಬೇಡಿಕೆ. ಆಗ ಅವನು ತಲೆಯೆತ್ತಿದ. ಯಾಕೆ ಎತ್ತಿದ? ಮಗಳ ಮುಖ ನೋಡಲು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಕಣ್ಣು ಹೋದದ್ದು ಮಗಳ ಕಡೆಗಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಿದ್ದರು, ಅವನನ್ನು ನೋಡುತ್ತಲೂ ಇರಲಿಲ್ಲ. ಎಡಗೈ ಒತ್ತಿಬಿಟ್ಟಿತು. ಅವನು ಒತ್ತಲಿಲ್ಲ ಎನ್ನುವುದು ಸುಳ್ಳು, ಅವನು ಒತ್ತಿದ ಎನ್ನುವುದೂ ಪೂರ್ತಿ ನಿಜವಲ್ಲ. ಬಿಸಿ ತಾಗಿದರೆ ಕೈ ಹಿಂದೆ ಬರುವುದಿಲ್ಲವೇ, ಹಾಗೆ ಮುಂದೆ ಹೋಯಿತು. ಗಂಟೆ ಇಡೀ ಸಭಾಂಗಣಕ್ಕೆ ಕೇಳಿಸಿತು. ಆದ್ದರಿಂದ ನಾವು, ಎಂದು ಶುರುಮಾಡಿದ್ದ ಮಗಳು ಅಲ್ಲೇ ನಿಲ್ಲಿಸಿದಳು. ಬಾಯಿ ಮುಚ್ಚಿ, ಕೈಮುಗಿದು, ಅಚ್ಚುಕಟ್ಟಾಗಿ ಇಳಿದು ಹೋದಳು. ಪೆಟ್ಟಿಗೆಯಲ್ಲಿ ಎರಡು ನಿಮಿಷ ಹತ್ತು ಸೆಕೆಂಡು.

ಊಟದ ಬಿಡುವಿನಲ್ಲಿ ಅವಳು ಹಿಂಬದಿಯ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚದೆ ಕೂತಿದ್ದಳು. ಅವನು ಪಕ್ಕದಲ್ಲಿ ಕೂತ. ಅವಳ ಕಣ್ಣು ಕೆಂಪಗಿತ್ತು, ಅತ್ತು ಮುಗಿಸಿದ್ದಳೆಂದು ಕಾಣುತ್ತದೆ. "ನಾನೇ ನಿಧಾನ ಆದೆ ಅಲ್ವಾ ಅಪ್ಪ? ಆ ಚಪ್ಪಾಳೆಗೆ ನಿಂತ್ಕೊಂಡುಬಿಟ್ಟೆ. ಮನೇಲಿ ಸರಿಯಾಗಿ ಬರ್ತಿತ್ತು." ಹೇಳಬೇಕಾದ ಹೊತ್ತು ಇದ್ದರೆ ಅದು ಇದೇ. ಅವನ ತುಟಿಯವರೆಗೂ ಬಂತು. ಅವಳ ಗೆಳತಿಯರು ಕೆಳಗಿನ ಮೆಟ್ಟಿಲಲ್ಲಿ ಕಿವಿ ನಿಮಿರಿಸಿಕೊಂಡು ಕೂತಿದ್ದರು, ಜವಾನ ಕಂಬಕ್ಕೊರಗಿ ಬೀಡಿ ಸೇದುತ್ತಿದ್ದ. "ಸ್ವಲ್ಪ," ಅಂದ ಅವನು. "ಸ್ವಲ್ಪ ನಿಧಾನ ಆಯ್ತು." ಅವಳು ತಲೆಯಾಡಿಸಿದಳು. ಆಮೇಲೆ, ಎಲ್ಲರ ಕೆಲಸ ಹಾಳುಮಾಡಿದೆ ಎಂದು ತನ್ನಷ್ಟಕ್ಕೆ ಅಂದುಕೊಂಡು, ಅಪ್ಪ ನೀನಾದ್ರೂ ಊಟ ಮಾಡು ಎಂದು ಡಬ್ಬಿಯನ್ನು ಅವನ ಕಡೆ ಸರಿಸಿದಳು. ಅವನು ಊಟ ಮಾಡಿದ! ಮಗಳ ತಲೆಯ ಮೇಲೆ ತನ್ನ ತಪ್ಪು ಹೊರಿಸಿ, ಮಗಳ ಪಾಲಿನ ಊಟವನ್ನೂ ತಿಂದ. ತಿನ್ನುವಾಗ ರುಚಿಯೂ ಗೊತ್ತಾಗುತ್ತಿತ್ತು, ಅದೇ ಅವನಿಗೆ ಅತ್ಯಂತ ಅಸಹ್ಯವೆನ್ನಿಸಿದ್ದು.

ಮಧ್ಯಾಹ್ನ ಸದಸ್ಯರು ಮಾತಾಡುವ ಸರದಿ. ನಿಯಮದ ಪ್ರಕಾರ ಅವರಿಗೂ ಮೂರು ನಿಮಿಷವೇ, ಪುಸ್ತಕದಲ್ಲಿ ಎಲ್ಲರಿಗೂ ಎಂದೇ ಇದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಯಾರೂ ಗಂಟೆ ಬಾರಿಸಿರಲಿಲ್ಲ, ಬಾರಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಮುಂದಿನ ಪೀಳಿಗೆ ಎಂಬ ಮಾತು ಎಷ್ಟು ಸಲ ಬಂತೆಂದರೆ ಬರೆದು ಬರೆದು ಅವನ ಬೆರಳು ನೋಯಿತು. ಎಲ್ಲರ ಬಾಯಲ್ಲೂ ಮುಂದಿನ ಪೀಳಿಗೆ. ಆ ಪೀಳಿಗೆ ಎದುರು ಬೆಂಚಿನಲ್ಲೇ ಬೆವರು ಒರೆಸಿಕೊಳ್ಳುತ್ತ ಕೂತಿತ್ತು. ಕೊನೆಗೆ ಅಧ್ಯಕ್ಷರು ಎದ್ದರು. ಬೆಳಿಗ್ಗೆ ಒಂದು ಮಗು ಬಹಳ ಮುದ್ದಾಗಿ ಮಾತಾಡಿತು ಎಂದು ಶುರುಮಾಡಿದರು. ಮುದ್ದಾಗಿ ಎಂಬಲ್ಲಿ ಅವನ ಪೆನ್ನು ನಿಂತಿತು. ಪೆಟ್ಟಿಗೆಯ ಅಂಕೆಯನ್ನು ಸೊನ್ನೆಗೆ ತಂದು ಓಡಿಸಿದ. ನಾವೂ ಒಂದು ಕಾಲದಲ್ಲಿ ಮಕ್ಕಳಾಗಿದ್ದೆವು, ಕತ್ತಲೆಯಲ್ಲಿ ಓದಿದವರು, ನಮಗೆ ದೀಪದ ಬೆಲೆ ಗೊತ್ತು, ಅವಸರ ಪಟ್ಟರೆ ಆಗುವುದಿಲ್ಲ, ಹಂತ ಹಂತವಾಗಿ. ಎರಡು ಹತ್ತು, ಎರಡು ಐವತ್ತು. ಮೂರು. ಅವನು ಒತ್ತಿದ.

ಅಧ್ಯಕ್ಷರು ಮಾತು ನಿಲ್ಲಿಸದೆಯೇ ಅವನ ಕಡೆ ತಿರುಗಿ ನೋಡಿ, ಕೈ ತಾಗಿತೇನೋ ಎಂಬಂತೆ ನಕ್ಕು, ಮುಂದುವರಿಸಿದರು. ಅವನು ಮತ್ತೆ ಒತ್ತಿದ. ಈಗ ಸದಸ್ಯರಲ್ಲಿ ಇಬ್ಬರು ನಕ್ಕರು. ಮೂರನೆಯ ಸಲ ಬೆರಳು ತೆಗೆಯದೆ ಒತ್ತಿ ಹಿಡಿದ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ತಾನು ಸರಿಯಾದ ಹೊತ್ತಿಗೆ ಸರಿಯಾದವರಿಗೆ ಬಾರಿಸುತ್ತಿದ್ದೇನೆ ಎನ್ನಿಸಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಧ್ಯಕ್ಷರು ಮೈಕಿಗೆ ಸ್ವಲ್ಪ ಹತ್ತಿರ ಬಾಗಿ ದನಿ ಏರಿಸಿದರು, ಅಷ್ಟೇ. ಗಂಟೆಗೆ ಏನೋ ಆಗಿದೆ ನೋಡ್ರಯ್ಯಾ ಎಂದು ಒಬ್ಬ ಸದಸ್ಯರು ಜವಾನನಿಗೆ ಹೇಳಿದರು, ಜವಾನ ಬಂದು ಮೇಜಿನ ಕೆಳಗೆ ಬಗ್ಗಿ ವೈರು ಕಿತ್ತ. ಅವನ ಬೆರಳು ಸದ್ದಿಲ್ಲದ ಗುಂಡಿಯ ಮೇಲೆ ಹಾಗೇ ಇತ್ತು. ಅಧ್ಯಕ್ಷರು ಹತ್ತೊಂಬತ್ತು ನಿಮಿಷ ಮಾತಾಡಿದರು. ಆಮೇಲೆ ಸದಸ್ಯರು ಕೈಯೆತ್ತಿದರು, ಪರ ಏಳು, ವಿರುದ್ಧ ಎರಡು. ಯಾರೂ ಯಾಕೆಂದು ಬರೆದು ಕೊಡಬೇಕಾಗಲಿಲ್ಲ. ಏಳು, ಎರಡು ಎಂದು ನಡವಳಿಯಲ್ಲಿ ಬರೆದು ಕೆಳಗೆ ಸಹಿ ಹಾಕಿದವನು ಅವನೊಬ್ಬನೇ.

ಹೊರಗೆ ಬರುವಾಗ ಪಡಸಾಲೆಯಲ್ಲಿ ಅಧ್ಯಕ್ಷರು ಎದುರಾದರು. ಬೈಯುತ್ತಾರೆ, ಬೈದರೆ ಎಲ್ಲವನ್ನೂ ಮುಖಕ್ಕೆ ಹೇಳಿಬಿಡುತ್ತೇನೆ ಎಂದು ಅವನು ಮೈ ಬಿಗಿ ಮಾಡಿಕೊಂಡ. ಅವರು ಅವನ ಭುಜದ ಮೇಲೆ ಕೈಯಿಟ್ಟು, ಮೈ ಹುಷಾರಿಲ್ವೇನಯ್ಯಾ, ನಾಲ್ಕು ದಿನ ರಜೆ ಹಾಕು, ಈ ಸೆಖೆಗೆ ಯಾರಿಗೆ ತಾನೇ ತಲೆ ಸರಿ ಇರುತ್ತೆ ಹೇಳು ಅಂದರು. ಸರಿ ಸಾರ್ ಅಂದ ಅವನು. ಅಂದಮೇಲೆ ಅವನಿಗೆ ಆ ಗೋಡೆಗೇ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಬಸ್ ನಿಲ್ದಾಣದಲ್ಲಿ ಮಗಳು ಒಬ್ಬಳೇ ಇದ್ದಳು, ಗೆಳತಿಯರು ಹೋಗಿಬಿಟ್ಟಿದ್ದರು. ಐದು ಗಂಟೆಯಾದರೂ ಡಾಂಬರು ಮೆತ್ತಗಿತ್ತು, ಚಪ್ಪಲಿ ಅಂಟುತ್ತಿತ್ತು. ಈಗ ಕೇಳುವವರು ಯಾರೂ ಇರಲಿಲ್ಲ. ಅವನು ಅವಳ ಪಕ್ಕ ನಿಂತು ರಸ್ತೆ ನೋಡುತ್ತಲೇ ಹೇಳಿದ. "ನೀನು ನಿಧಾನ ಆಗಿರಲಿಲ್ಲ ಪುಟ್ಟಿ. ಇನ್ನೂ ಐವತ್ತು ಸೆಕೆಂಡ್ ಇತ್ತು. ನಾನೇ ಮುಂಚೆ ಬಾರಿಸಿದೆ. ಅವರು ಕನ್ನಡಕ ತೆಗೆದ್ರೆ ಬಾರಿಸ್ತೀನಿ ನಾನು, ಮೊದಲಿಂದ್ಲೂ." ಹೇಳಿದ ಮೇಲೆ ಕಂಬ ಹಿಡಿದುಕೊಂಡ. ಅವಳು ಅಳುತ್ತಾಳೆ, ಇಲ್ಲ ಕಿರುಚುತ್ತಾಳೆ, ಇಲ್ಲ ಇನ್ನು ಮೇಲೆ ಅವನ ಹತ್ತಿರ ಮಾತಾಡುವುದಿಲ್ಲ. ಮೂರಕ್ಕೂ ಅವನು ಸಿದ್ಧನಾಗಿದ್ದ. ಎಷ್ಟು ವರ್ಷದಿಂದ ಹೊತ್ತುಕೊಂಡಿದ್ದ ಮೂಟೆ ಅದು! ಅವಳು ಹೂಂ ಅಂದಳು. ಅವನು ಅಂದುಕೊಂಡಿದ್ದಷ್ಟು ದೊಡ್ಡದಾಗಿ ಅದು ಅವಳಿಗೆ ಕಾಣಿಸಲೇ ಇಲ್ಲ, ಅಥವಾ ಅವಳು ಆಗಲೇ ಅದನ್ನು ದಾಟಿ ಎಲ್ಲೋ ಮುಂದೆ ಹೋಗಿದ್ದಳು.

"ಅವರು ನಿಲ್ಲಿಸ್ಲೇ ಇಲ್ಲ," ಅಂದಳು. "ಅಷ್ಟು ಬಾರಿಸಿದೆ ನೀನು. ಅವರು ಮಾತಾಡ್ತಾನೇ ಇದ್ರು. ಯಾರೂ ಏನೂ ಮಾಡ್ಲಿಲ್ಲ ಅವರಿಗೆ."

ಬಸ್ಸು ಬಂತು, ಅವಳು ಹತ್ತಲಿಲ್ಲ. ಅದು ಹೋದಮೇಲೆ ಎದ್ದ ಬಿಸಿ ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಭಾಂಗಣದ ಕಡೆ ನೋಡುತ್ತ ನಿಂತಳು.

"ನನಗೆ ಒಂದೇ ಒಂದು ಸಲ ಬಾರಿಸಿದೆ. ನಾನ್ಯಾಕೆ ನಿಲ್ಲಿಸಿದೆ?"

ಅವನು ಉತ್ತರ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ತಿರುಗಲಿಲ್ಲ. ಅವಳು ಆ ಪ್ರಶ್ನೆ ಕೇಳಿದ್ದು ಅವನನ್ನಾಗಿರಲಿಲ್ಲ.